ಅಪ್ಪನಿಗೆ ಕಾಣದ ಗೆರೆಗಳು

ಅಪ್ಪ ಮನೆಯಲ್ಲಿರುತ್ತಿದ್ದದ್ದು ಗುರುವಾರ ಮಧ್ಯಾಹ್ನದಿಂದ ಶನಿವಾರ ಬೆಳಗಿನ ಜಾವದವರೆಗೆ ಮಾತ್ರ. ಉಳಿದ ದಿನಗಳಲ್ಲಿ ದೋಹಾದ ಬಿನ್ ಒಮ್ರಾನ್ ಬಡಾವಣೆಯ ಆ ಮೂರನೇ ಮಹಡಿಯ ಮನೆ ನನ್ನದು ಮತ್ತು ಅಮ್ಮನದು. ಒಂದು ಹಾಲ್, ಒಂದು ಮಲಗುವ ಕೋಣೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಬಾಲ್ಕನಿ. ಹಾಲ್‌ನಲ್ಲಿದ್ದ ಏಸಿ ಗಲಾಟೆ ಮಾಡುತ್ತಿತ್ತೇ ಹೊರತು ತಂಪು ಮಾಡುತ್ತಿರಲಿಲ್ಲ. ಹಾಗಾಗಿ ಬೇಸಿಗೆ ಬಂತೆಂದರೆ ನಮ್ಮ ಸಂಸಾರ ಪೂರ್ತಿ ಮಲಗುವ ಕೋಣೆಗೆ ಸರಿದುಬಿಡುತ್ತಿತ್ತು. ಊಟ ಅಲ್ಲೇ, ಹೋಂವರ್ಕ್ ಅಲ್ಲೇ, ನೆಲಕ್ಕೆ ಹಳೆಯ ಪೇಪರ್ ಹಾಸಿಕೊಂಡು ಅಮ್ಮ ಸೊಪ್ಪು ಬಿಡಿಸುತ್ತಿದ್ದದ್ದೂ ಅಲ್ಲೇ. ಬಚ್ಚಲಿನಲ್ಲಂತೂ ಎಲ್ಲ ತಿರುವುಮುರುವು. ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತಿತ್ತು. ಗೀಸರನ್ನು ಆರಿಸಿಟ್ಟು, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ನಾವು ಸ್ನಾನ ಮಾಡುತ್ತಿದ್ದೆವು. ಒಮ್ಮೆ ರಜೆಗೆ ಮೈಸೂರಿಗೆ ಹೋದಾಗ ಅದೇ ಅಭ್ಯಾಸದಲ್ಲಿ ನಾನು ಅಜ್ಜಿಯ ಮನೆಯ ಕೆಂಪು ನಲ್ಲಿ ತಿರುಗಿಸಿ ಕೈ ಬೊಬ್ಬೆ ಬರಿಸಿಕೊಂಡಿದ್ದೆ. ದೇವರು ಇದ್ದದ್ದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕದ ಖಾನೆಯಲ್ಲಿ. ಪೂಜೆಯಾದ ಮೇಲೆ ಅಮ್ಮ ಕಪಾಟಿನ ಬಾಗಿಲು ಮುಚ್ಚುವಳು. ಇರುವೆ ಬಂದರೆ ಸಕ್ಕರೆಗೆ ಬಂತೋ ನೈವೇದ್ಯಕ್ಕೆ ಬಂತೋ ಎಂದು ಪತ್ತೆ ಹಚ್ಚಲು ಆಗುತ್ತಿರಲಿಲ್ಲ.

ಆ ಮನೆಯನ್ನು ಕಂಡರೆ ಅಮ್ಮನಿಗೆ ಎಲ್ಲಿಲ್ಲದ ಅಭಿಮಾನ. ಮನೆ ನಮ್ಮದೇನೂ ಅಲ್ಲ, ಅಪ್ಪ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಯದು. ಅಪ್ಪನ ಹುದ್ದೆಗೆ ಫ್ಯಾಮಿಲಿ ವೀಸಾ, ಫ್ಯಾಮಿಲಿ ವೀಸಾಕ್ಕೆ ಮನೆ ಎಂಬುದು ಲೆಕ್ಕ. ಆದರೆ ಅದಕ್ಕೆ ಮುಂಚೆ ಅಪ್ಪ ಅಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿದ್ದ ಮೂರು ವರ್ಷ ಅಮ್ಮ ನನ್ನನ್ನು ಕಟ್ಟಿಕೊಂಡು ಮೈಸೂರಿನಲ್ಲಿ ಅತ್ತೆ, ಮೈದುನರ ನಡುವೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದಳು. ಬಾಗಿಲು ಹಾಕಿಕೊಳ್ಳಲು ತನ್ನದೆಂಬ ಒಂದು ಕೋಣೆ ಅವಳಿಗೆ ಸಿಕ್ಕಿದ್ದು ದೋಹಾದಲ್ಲಿ. ಅದಕ್ಕೇ ಇರಬೇಕು, ಎಂಥ ಮರಳುಗಾಳಿ ಬೀಸಿದ ಮರುದಿನವೂ ನಮ್ಮ ಮನೆಯ ಕಿಟಕಿಯ ಚೌಕಟ್ಟಿನಲ್ಲಿ ಒಂದು ಚಿಟಿಕೆ ಧೂಳು ಸಿಗುತ್ತಿರಲಿಲ್ಲ. ಎದುರು ಮನೆಯ ಸಫಿಯಾ ಆಂಟಿ ಅದನ್ನು ನೋಡಿ ನಗುತ್ತಿದ್ದರು. ಅವರು ಉಳ್ಳಾಲದ ಕಡೆಯವರು, ಗಂಡನಿಗೆ ದೋಹಾ ಅಲ್ ಜದೀದಾದಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಬ್ಯಾರಿ ಮಾತು, ನಮ್ಮೊಡನೆ ಮಂಗಳೂರಿನ ಕನ್ನಡ.

"ಎಂತ ಶಾರದಕ್ಕ, ನೀವು ಮರಳುಗಾಡನ್ನೇ ಗುಡಿಸಿ ಮುಗಿಸ್ತೀರಾ ಹೇಗೆ? ಬನ್ನಿ ಮಾರಾಯ್ತಿ, ಚಾ ಉಂಟು."

ಅಪ್ಪ ರಾಸ್ ಲಫಾನ್‌ನಲ್ಲಿ ಪೈಪುಗಳ ಲೇಪನ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್. ಅಲ್ಲಿ ಗ್ಯಾಸ್ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಗುರುವಾರ ಕಂಪನಿಯ ಬಸ್ಸು ಇಳಿದು, ಉಪ್ಪು ಬೆವರು ಒಣಗಿ ಬೆಳ್ಳಗಾದ ಕವರಾಲ್ ಹೊತ್ತುಕೊಂಡು ಬರುವರು. ಆ ಬಟ್ಟೆಗೆ ಬೇರೆಯೇ ಬಕೆಟ್ಟು. ಶುಕ್ರವಾರ ಅಲ್ಲಿ ವಾರದ ರಜೆ, ಬೆಳಿಗ್ಗೆ ದೋಸೆ. ದೋಸೆಯ ಜೊತೆಗೆ ಜಗಳ, ಏಕೆಂದರೆ ಐದು ದಿನ ಕೂಡಿಟ್ಟ ಮಾತೆಲ್ಲ ಅಮ್ಮನಿಗೆ ಆಗಲೇ ನೆನಪಾಗುತ್ತಿತ್ತು. ಮಧ್ಯಾಹ್ನ ಬಿಸಿಬೇಳೆಬಾತು, ಹಪ್ಪಳ. ಊಟವಾದ ಮೇಲೆ ಜಗಳವಾದದ್ದೇ ಮರೆತು ಮೂವರೂ ಒಂದೇ ಏಸಿಯ ಕೆಳಗೆ ನಿದ್ದೆ.

ಅಪ್ಪನ ಕೆಲಸ ಏನೆಂದು ನನಗೆ ಅರ್ಥವಾದದ್ದು ಅಂಥದೊಂದು ಶುಕ್ರವಾರ. ಶಾಲೆಯಲ್ಲಿ ಎಲ್ಲರೂ ಅವರವರ ತಂದೆಯ ಕೆಲಸದ ಬಗ್ಗೆ ಹೇಳಬೇಕಿತ್ತು. ನಾನು ಕೇಳಿದೆ. ಅಪ್ಪ ಯೋಚಿಸಿ, ಸಫಿಯಾ ಆಂಟಿಯ ಮನೆಗೆ ನನ್ನನ್ನು ಕಳಿಸಿ ಉಗುರಿನ ಬಣ್ಣ ತರಿಸಿದರು. ಆಂಟಿ ಅರ್ಧ ಗಟ್ಟಿಯಾದ ಒಂದು ಕೆಂಪು ಸೀಸೆ ಕೊಟ್ಟು, "ನಿನ್ನಲ್ಲೇ ಇಟ್ಕೋ ಮಗಾ, ನಮಾಜಿಗೆ ಮುಂಚೆ ಪ್ರತಿ ಸಲ ತೆಗೀಲಿಕ್ಕೆ ಯಾರಿಂದ ಆಗ್ತದೆ" ಎಂದರು. ಅಪ್ಪ ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಅರ್ಧ ಭಾಗವನ್ನು ಸೋಪು ಹಾಕಿ ತೊಳೆದರು, ಉಳಿದರ್ಧಕ್ಕೆ ಅಡುಗೆ ಎಣ್ಣೆಯ ಬೆರಳು ಒರೆಸಿದರು. ಪೂರ್ತಿ ಪಟ್ಟಿಗೆ ತೆಳ್ಳಗೆ ಬಣ್ಣ ಬಳಿದು ಬಾಲ್ಕನಿಯ ಬಿಸಿಲಿಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಗಾಜಿನ ಹಾಗೆ ಒಣಗಿತ್ತು.

"ಈಗ ಎರಡೂ ತುದಿ ಹಿಡ್ಕೊಂಡು ನಿಧಾನವಾಗಿ ಎಳಿ. ನಿಧಾನ."

ಎಳೆದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಚಿಟ್ ಎಂದು ಅಡ್ಡಡ್ಡಲಾಗಿ ಒಂದು ಗೆರೆ ಬಿತ್ತು. ಅದರಿಂದ ಸ್ವಲ್ಪ ದೂರದಲ್ಲಿ ಇನ್ನೊಂದು. ಇನ್ನೂ ಎಳೆದರೆ ಆ ಎರಡರ ಮಧ್ಯೆ ಮತ್ತೊಂದು. ನಾನು ಉದ್ದಕ್ಕೆ ಎಳೆಯುತ್ತಿದ್ದರೆ ಗೆರೆಗಳೆಲ್ಲ ಅಡ್ಡಕ್ಕೆ, ರೂಲು ಹಾಕಿದ ಪುಸ್ತಕದ ಹಾಗೆ ಸಾಲಾಗಿ ಬೀಳುತ್ತಿದ್ದವು. ಒಂದು ಹಂತ ದಾಟಿದ ಮೇಲೆ ಎಷ್ಟು ಎಳೆದರೂ ಹೊಸ ಗೆರೆ ಬರಲಿಲ್ಲ, ಇದ್ದ ಗೆರೆಗಳೇ ಅಗಲವಾದವು.

"ಯಾಕೆ ನಿಂತೋಯ್ತು?"

"ರಬ್ಬರು ಹಿಗ್ಗತ್ತೆ, ಬಣ್ಣ ಹಿಗ್ಗಲ್ಲ. ರಬ್ಬರು ಬಣ್ಣನ ಹಿಡ್ಕೊಂಡು ಎಳೀತಾ ಇರತ್ತೆ, ತಡೀಲಾರದೆ ಅದು ಒಡಿಯತ್ತೆ. ಒಡೆದೂ ಒಡೆದೂ ಚೂರು ತೀರಾ ಚಿಕ್ಕದಾದಾಗ, ಅಷ್ಟು ಚಿಕ್ಕದರ ಮೇಲೆ ಜೋರಾಗಿ ಎಳೆಯೋಕೆ ರಬ್ಬರಿಗೆ ಹಿಡಿತ ಸಾಲಲ್ಲ. ಅಲ್ಲಿಗೆ ನಿಂತೋಗತ್ತೆ. ಈಗ ಎಣ್ಣೆ ಹಚ್ಚಿದ ಕಡೆ ನೋಡು."

ಎಣ್ಣೆಯ ಕಡೆ ಗೆರೆಗಳು ಕಡಿಮೆ. ಆದರೆ ದೊಡ್ಡ ದೊಡ್ಡ ಚಕ್ಕೆಗಳು ಎದ್ದು, ನನ್ನ ಮಡಿಲ ಮೇಲೆ ಉದುರಿದವು. ಅಂಟು ಚೆನ್ನಾಗಿದ್ದರೆ ಬಿರುಕು ಹತ್ತಿರ ಹತ್ತಿರ, ಅಂಟಿಲ್ಲದಿದ್ದರೆ ಬಿರುಕು ದೂರ ದೂರ, ಆದರೆ ಸಿಪ್ಪೆ ಎದ್ದುಬರುತ್ತದೆ ಎಂದು ಅಪ್ಪ ವಿವರಿಸಿದರು. ಕಬ್ಬಿಣದ ಪೈಪಿಗೆ ತುಕ್ಕು ಹಿಡಿಯಬಾರದೆಂದು ಹಸಿರು ಲೇಪನ ಹಾಕುತ್ತಾರಂತೆ. ಪೈಪನ್ನು ಬಗ್ಗಿಸಿದಾಗ ಬಾಗಿನ ಹೊರಮೈ ಹಿಗ್ಗುತ್ತದೆ, ಅಲ್ಲಿ ಲೇಪನ ಒಡೆಯಬಾರದು. ಅದಕ್ಕೇ ಅದೇ ಲೇಪನ ಹಾಕಿದ ಉಕ್ಕಿನ ಪಟ್ಟಿಗಳನ್ನು ಮೊದಲು ಬಗ್ಗಿಸಿ ನೋಡುವುದು. ಪಟ್ಟಿ ತಯಾರಿಸಿ ಬಗ್ಗಿಸುವವರು ಕೋಟ್ಟಯಂ ಕಡೆಯ ವರ್ಗೀಸ್ ಅಂಕಲ್. ಗೆರೆ ಇದೆಯೋ ಇಲ್ಲವೋ ನೋಡಿ ಸಹಿ ಹಾಕುವವರು ಅಪ್ಪ. ನಾನು ಮರುದಿನ ತರಗತಿಯಲ್ಲಿ, ನಮ್ಮಪ್ಪ ಗೆರೆ ನೋಡುವ ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ನನಗೆ ಮಾತ್ರ ಹೆಮ್ಮೆಯೋ ಹೆಮ್ಮೆ.

ಆ ವರ್ಷ ಅಪ್ಪ ಪೇಪರನ್ನು ಕೈಚಾಚಿ ದೂರ ಹಿಡಿದು ಓದತೊಡಗಿದ್ದರು. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದಾಯಿತು. ಔಷಧದ ಸೀಸೆಯ ಸಣ್ಣಕ್ಷರ ಓದುವುದೂ ನಾನೇ. ಅಮ್ಮ ಗೇಲಿ ಮಾಡುವಳು.

"ಕೈ ಸಾಲ್ತಿಲ್ಲ ಅಂದ್ರೆ ಹೇಳಿ, ಪೇಪರ್‌ನ ನಾನು ಆ ಗೋಡೆ ಹತ್ರ ಹಿಡ್ಕೊಂಡು ನಿಂತ್ಕೋತೀನಿ. ಒಂದು ಕನ್ನಡಕ ಮಾಡಿಸ್ಕೊಳ್ರೀ."

"ನಲವತ್ತೆರಡಕ್ಕೇ ಕನ್ನಡಕವೇ? ಊರಿಗೆ ಹೋದಾಗ ನೋಡಣ."

ಇದನ್ನು ನಾವು ತಮಾಷೆ ಎಂದೇ ತಿಳಿದಿದ್ದೆವು.

ನಾನು ಐದನೇ ತರಗತಿಯಲ್ಲಿದ್ದಾಗ ಶಾಲೆಗೆ ಒಂದು ಊರಿನ ಮಾದರಿ ಮಾಡಿಕೊಂಡು ಹೋಗಬೇಕಾಯಿತು. ನನ್ನ ಊರಿನಲ್ಲಿ ಒಂದು ನದಿ ಇತ್ತು, ನದಿಗೆ ಸೇತುವೆ ಬೇಕಿತ್ತು. ಬಿಲ್ಲಿನಂತೆ ಬಾಗಿದ ಆ ಹಸಿರು ಪಟ್ಟಿಗಳನ್ನು ಒಮ್ಮೆ ಅಪ್ಪನ ಚೀಲದಲ್ಲಿ ನೋಡಿದ್ದೆ. ಕೇಳಿದೆ. ಪರೀಕ್ಷೆ ಮುಗಿದ ಪಟ್ಟಿಗಳನ್ನು ಎರಡು ವಾರ ಇಟ್ಟುಕೊಂಡು ಎಸೆಯುತ್ತಿದ್ದರಂತೆ. ಎಸೆಯಬೇಕಾಗಿದ್ದ ನಾಲ್ಕನ್ನು ಅಪ್ಪ ಗುರುವಾರ ತಂದುಕೊಟ್ಟರು. ಶುಕ್ರವಾರ ಬೆಳಿಗ್ಗೆ ಬಾಲ್ಕನಿಯ ಬಾಗಿಲ ಬಳಿ ಕುಳಿತು, ಥರ್ಮೋಕೋಲಿನ ದಂಡೆಗೆ ಅವನ್ನು ಅಂಟಿಸುತ್ತಿದ್ದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಒಂದು ಪಟ್ಟಿಯನ್ನು ತಿರುಗಿಸುವಾಗ ಅದರ ಬಾಗಿದ ಬೆನ್ನಿನ ಮೇಲೆ ಏನೋ ಮಿನುಗಿ ಮಾಯವಾಯಿತು. ಮತ್ತೆ ತಿರುಗಿಸಿದೆ. ಕೂದಲಿಗಿಂತ ತೆಳ್ಳಗಿನ ಗೆರೆಗಳು, ಅಡ್ಡಡ್ಡಲಾಗಿ, ಒಂದರ ಪಕ್ಕ ಒಂದು.

"ಅಪ್ಪಾ, ಈ ಸೇತುವೆ ಮೇಲೆಲ್ಲಾ ಗೆರೆ ಇದೆ."

"ಎಲ್ಲೋ ತಾಗಿ ಗೀಚಿರತ್ತೆ ಬಿಡು ಪುಟ್ಟಿ."

"ಗೀಚಿದ್ದಲ್ಲ. ನಮ್ಮ ನೇಲ್ ಪಾಲಿಷ್ ಥರಾನೇ ಇದೆ."

ಅಪ್ಪ ದೋಸೆಯ ತಟ್ಟೆ ಇಟ್ಟು ಎದ್ದುಬಂದರು. ಪಟ್ಟಿಯನ್ನು ತೆಗೆದುಕೊಂಡು ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು.

"ಎಲ್ಲಿ?"

"ಇಲ್ಲಿ."

"ಎಲ್ಲೇ?"

ನಾನು ಉಗುರಿನಿಂದ ಒಂದೊಂದೇ ಗೆರೆಯನ್ನು ತೋರಿಸುತ್ತಾ ಹೋದೆ. ಅಪ್ಪ ನನ್ನ ಉಗುರನ್ನು ನೋಡುತ್ತಿದ್ದರು.

"ನಂಗೇನೂ ಕಾಣ್ತಾ ಇಲ್ವಲ್ಲ" ಎಂದರು.

ಅಮ್ಮನನ್ನು ಕೇಳದೆ ಅಪ್ಪ ದೇವರ ಕಪಾಟಿನಿಂದ ಕುಂಕುಮದ ಬಟ್ಟಲು ತಂದರು. ಒಂದು ಚಿಟಿಕೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ, ಪಟ್ಟಿಯ ಬೆನ್ನಿಗೆ ಬಳಿದು, ಹತ್ತು ನಿಮಿಷ ಬಿಟ್ಟು ಹತ್ತಿ ಬಟ್ಟೆಯಿಂದ ಒರೆಸಿದರು. ಕೆಲಸದ ಜಾಗದಲ್ಲೂ ಹೀಗೇ ಒಂದು ಕೆಂಪು ದ್ರವ ಬಳಸುತ್ತಾರೆಂದು ನನಗೆ ಆಮೇಲೆ ತಿಳಿಯಿತು, ಅನುಮಾನ ಬಂದಾಗ ಮಾತ್ರ. ಅಪ್ಪನಿಗೆ ಅನುಮಾನವೇ ಬಂದಿರಲಿಲ್ಲ. ಒರೆಸಿದ ಮೇಲೆ ಹಸಿರಿನ ಮೇಲೆ ಕೆಂಪು ಗೆರೆಗಳು ಎದ್ದು ನಿಂತವು. ಈಗ ಅವು ಅಪ್ಪನಿಗೂ ಕಂಡವು. ಎರಡನೆಯ ಪಟ್ಟಿಗೆ ಬಳಿದರು. ಮೂರನೆಯದಕ್ಕೆ. ನಾಲ್ಕನೆಯದೊಂದರಲ್ಲಿ ಮಾತ್ರ ಏನೂ ಇರಲಿಲ್ಲ. ಬಿರುಕಿದ್ದವನ್ನು ತಿರುಗಿಸಿ ಹಿಂಬದಿಯಲ್ಲಿ ಕೊರೆದಿದ್ದ ಸಂಖ್ಯೆಗಳನ್ನು ನನ್ನಿಂದ ಓದಿಸಿದರು. ಅಮ್ಮ ಅಷ್ಟರಲ್ಲಿ ಬಂದಿದ್ದಳು. ಕಬ್ಬಿಣಕ್ಕೆ ಕುಂಕುಮ ಹಚ್ಚಿದ್ದಕ್ಕೆ ಬೈಯಲು ಬಂದವಳು ಅಪ್ಪನ ಮುಖ ನೋಡಿ ನಿಂತಳು.

"ಏನಾಯ್ತು?"

"ಸರಿ ಇದೆ ಅಂತ ಸಹಿ ಹಾಕಿದೀನಿ. ಈ ಲೇಪನದ ಪೈಪುಗಳು ಯಾರ್ಡಿಂದ ಹೊರಟೂ ಹೋಗಿವೆ."

ನನ್ನನ್ನು ಸಫಿಯಾ ಆಂಟಿಯ ಮನೆಗೆ ಹೋಗೆಂದರು. ನಾನು ಬಾಗಿಲವರೆಗೆ ಹೋಗಿ, ಚಪ್ಪಲಿ ಇಡುವ ಜಾಗದಲ್ಲಿ ಕುಳಿತುಬಿಟ್ಟೆ. ಮಲಗುವ ಕೋಣೆಯ ಬಾಗಿಲು ಹಾಕಿದ್ದರೂ ಮಾತು ಕೇಳುತ್ತಿತ್ತು. ಅಪ್ಪ ಅಮ್ಮನಿಗೆ ಹೇಳಿದ ಒಂದು ಸಂಗತಿ ನನಗೆ ಪೂರ್ತಿ ಅರ್ಥವಾಗಲು ವರ್ಷಗಳೇ ಹಿಡಿದವು. ಇನ್ಸ್‌ಪೆಕ್ಟರುಗಳಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇರುತ್ತಿತ್ತು, ಒಂದು ಕಾರ್ಡಿನಲ್ಲಿ ಅಚ್ಚಾದ ಸಣ್ಣಕ್ಷರ ಓದಬೇಕು. ವರ್ಷವರ್ಷವೂ ಅದೇ ಕಾರ್ಡು. ಆ ಸಲ ಅಪ್ಪನಿಗೆ ಕೊನೆಯ ಸಾಲುಗಳು ಕಂಡಿರಲಿಲ್ಲ. ಬಾಯಿಪಾಠ ಬರುತ್ತಿತ್ತು, ಒಪ್ಪಿಸಿ ಬಂದಿದ್ದರು.

"ಆಮೇಲೆ ಬಿಟ್ಟಿರಬಹುದಲ್ಲ ಈ ಬಿರುಕು? ಬಿಸಿಲಿಗೆ? ಬಸ್ಸಲ್ಲಿ ಏನೋ ತಾಗಿ?" ಅಮ್ಮನ ದನಿ.

"ಬಿಟ್ಟಿರಬಹುದು. ನಂಗೆ ಗೊತ್ತಿಲ್ಲ. ಅದೇ ಶಾರದಾ, ನಂಗೆ ಗೊತ್ತಿಲ್ಲ. ಗೊತ್ತು ಅಂತ ಸಹಿ ಹಾಕಿದೀನಿ."

"ಹಾಗಾದ್ರೆ ಪಟ್ಟೀಲಿ ಬಿರುಕಿದೆ ಅಂತಷ್ಟೇ ಹೇಳಿ. ಕಾರ್ಡಿನ ವಿಷ್ಯ ಯಾಕೆ ಎತ್ತಬೇಕು?"

"ಕಣ್ಣು ಸರಿ ಇರೋನು ಇದನ್ನ ಹೇಗೆ ಬಿಟ್ಟ ಅಂತ ಕೇಳ್ತಾರಲ್ಲ. ಆಗ ತಪ್ಪು ಯಾರ ತಲೆಗೆ ಬರತ್ತೆ? ವರ್ಗೀಸ್ ಬೇರೆ ಪಟ್ಟಿ ತೋರಿಸ್ದ, ಬದಲಾಯಿಸ್ದ ಅಂತಾರೆ. ಮಾರನೇ ದಿನ ಅವನನ್ನ ವಿಮಾನ ಹತ್ತಿಸ್ತಾರೆ. ಖಲಾಸ್."

ಅಮ್ಮ ಅಳುತ್ತಿರಲಿಲ್ಲ, ಆದರೆ ದನಿ ಅವಳದಲ್ಲ ಎನ್ನುವಂತಿತ್ತು.

"ಮತ್ತೆ ನಿಮ್ಮಮ್ಮನ ಮನೆ ನಡುಮನೇಲಿ ಚಾಪೆ ಹಾಸ್ಲಾ ನಾನು? ಇವಳ ಸ್ಕೂಲು? ನಾವು ಯಾರ ಮನೆ ಹಾಳು ಮಾಡಿದ್ವಿ ಅಂತ ನಮಗೆ ಹೀಗೆ? ಮಣ್ಣಲ್ಲಿ ಹೂಳೋ ಪೈಪಿಗೆ ಒಂದು ಕೂದಲೆಳೆ ಬಿರುಕು ಬಿಟ್ರೆ ಯಾರಿಗೆ ಕಾಣತ್ತೆ?"

"ಹೂತ ಮೇಲೆ ಕಾಣಲ್ಲ. ಉಪ್ಪುನೀರಿನ ನೆಲ, ಒಳಗೆ ಗ್ಯಾಸು. ಅದು ಕೆಟ್ಟಾಗ ನಾನಂತೂ ಅಲ್ಲಿರಲ್ಲ. ಯಾರೋ ಇರ್ತಾರೆ."

ಆ ದಿನ ಬಿಸಿಬೇಳೆಬಾತು ಆಗಿತ್ತು, ಯಾರೂ ಸರಿಯಾಗಿ ತಿನ್ನಲಿಲ್ಲ. ಸಂಜೆ ಅಪ್ಪ ನನ್ನ ಊರಿನ ಮಾದರಿಯ ಮುಂದೆ ಕುಳಿತು, ನದಿಗೆ ನೀಲಿ ಬಳಿಯಲು ನೆರವಾದರು. ಶನಿವಾರ ನಾನು ಏಳುವಷ್ಟರಲ್ಲಿ ಅವರು ಹೋಗಿದ್ದರು. ನಾಲ್ಕು ಪಟ್ಟಿಗಳೂ ಇರಲಿಲ್ಲ. ಅಮ್ಮ ಬಿಸ್ಕತ್ತಿನ ಪೊಟ್ಟಣದ ರಟ್ಟನ್ನು ಬಗ್ಗಿಸಿ ನದಿಗೆ ಇನ್ನೊಂದು ಸೇತುವೆ ಮಾಡಿಟ್ಟಿದ್ದಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ಇದನ್ನು ಎಲ್ಲೂ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಮಾಡಿಸಿ, ಇಡೀ ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆದಳು.

ಸೋಮವಾರ ಫೋನು ಬಂತು. ಅಮ್ಮ "ಹೂಂ" "ಹೂಂ" ಎಂದಳು, ಇಟ್ಟಳು. "ಹೇಳಿದರಂತೆ" ಎಂದಳು, ನನಗಲ್ಲ, ಫೋನಿಗೆ ಹೇಳಿದ ಹಾಗೆ. ಮುಂದಿನ ಎರಡು ವಾರ ಅಪ್ಪ ಬರಲಿಲ್ಲ. ಪೈಪುಗಳು ಇನ್ನೂ ಮಣ್ಣಿಗೆ ಇಳಿದಿರಲಿಲ್ಲ. ಎಲ್ಲವನ್ನೂ ತಡೆದು, ಬಿರುಕಿದ್ದಲ್ಲಿ ಕಿಡಿ ಹಾರಿಸಿ ತೋರಿಸುವ ಒಂದು ಯಂತ್ರದಿಂದ ಪರೀಕ್ಷೆ ಮಾಡಿದರು. ನೆಟ್ಟಗಿದ್ದ ಪೈಪುಗಳಿಗೆ ಏನೂ ಆಗಿರಲಿಲ್ಲ. ಬಗ್ಗಿಸಿದವುಗಳಲ್ಲಿ ಕೆಲವಕ್ಕೆ, ಸರಿಯಾಗಿ ಬಾಗಿನ ಹೊರಮೈಯಲ್ಲಿ, ಕಿಡಿ ಹಾರಿತು. ಅವನ್ನು ಕೆರೆದು ಮತ್ತೆ ಲೇಪನ ಹಾಕಿದರು, ಕೆಲಸ ಮುಂದುವರಿಯಿತು. ಅಪ್ಪನನ್ನು ಯಾರೂ ಹೊಗಳಲಿಲ್ಲ, ಯಾರೂ ಕೂಗಾಡಲೂ ಇಲ್ಲ. ಬಿರುಕು ನೋಡದೆ ಬಿಟ್ಟದ್ದನ್ನು ಮೇಲಿನವರು ಮನ್ನಿಸುತ್ತಿದ್ದರೇನೋ, ಕನ್ನಡಕ ಹಾಕಿಕೊಂಡು ಅದೇ ಕೆಲಸ ಮಾಡಬಹುದಿತ್ತೇನೋ. ಕಾರ್ಡನ್ನು ಬಾಯಿಪಾಠ ಒಪ್ಪಿಸಿದ್ದನ್ನು ಮನ್ನಿಸಲಿಲ್ಲ. ಸ್ಟೋರಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಕೊಟ್ಟರು. ಆ ಕೆಲಸಕ್ಕೆ ಕ್ಯಾಂಪಿನಲ್ಲಿ ಒಂದು ಮಂಚ ಉಂಟು, ಫ್ಯಾಮಿಲಿ ವೀಸಾ ಮಾತ್ರ ಅಲ್ಲಿನವರ ಮಾತಿನಲ್ಲಿ 'ಮಾಫಿ', ಅಂದರೆ ಇಲ್ಲ. ನನ್ನ ಶಾಲೆಯ ಪರೀಕ್ಷೆಗಳು ಮುಗಿಯುವ ತನಕ ನಮ್ಮನ್ನು ಆ ಮನೆಯಲ್ಲಿರಲು ಬಿಟ್ಟರು.

ಇದೆಲ್ಲ ನನ್ನಿಂದಾಯಿತೆಂದು ನನಗೆ ಖಚಿತವಾಗಿತ್ತು. ನಾನು ಸೇತುವೆ ಕೇಳದಿದ್ದರೆ, ಕೇಳಿದರೂ ಗೆರೆ ನೋಡದಿದ್ದರೆ, ನೋಡಿದರೂ ಬಾಯಿ ಮುಚ್ಚಿಕೊಂಡಿದ್ದರೆ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. ಅಮ್ಮ ಸೂಜಿಗೆ ದಾರ ಪೋಣಿಸಿಕೊಡೆಂದಾಗ, "ನಂಗೆ ತೂತು ಕಾಣಲ್ಲ" ಎಂದೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತು, ಆಮೇಲೆ ಸಲೀಸಾಯಿತು. ಶಾಲೆಯಲ್ಲಿ ಬೋರ್ಡಿನ ಮೇಲಿದ್ದದ್ದನ್ನು ಓದಲು ಹೇಳಿದರೆ ಕಾಣುವುದಿಲ್ಲ ಎನ್ನುತ್ತಿದ್ದೆ. ಎದುರು ಬೆಂಚಿನವಳು ಪರೀಕ್ಷೆಯಲ್ಲಿ ಚೀಟಿ ಬಿಚ್ಚಿ ನೋಡುತ್ತಿದ್ದಳು, ಟೀಚರ್ ಬಂದು ನೀನು ನೋಡಿದೆಯಾ ಎಂದು ಕೇಳಿದರು. ಇಲ್ಲ ಮಿಸ್, ಕಾಣಲಿಲ್ಲ. ಕೊನೆಗೆ ಮಗುವಿನ ಕಣ್ಣು ಪರೀಕ್ಷೆ ಮಾಡಿಸಿ ಎಂದು ಡೈರಿಯಲ್ಲಿ ಬರೆದು ಕಳಿಸಿದರು.

ಆ ಗುರುವಾರ ಸಂಜೆ ಅಪ್ಪ ನನ್ನನ್ನು ದೋಹಾ ಅಲ್ ಜದೀದಾದ ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ಮೊದಲು ಅಪ್ಪನ ಕಣ್ಣು ನೋಡಿದರು, ಆಮೇಲೆ ನನ್ನನ್ನು ಎತ್ತರದ ಕುರ್ಚಿಗೆ ಹತ್ತಿಸಿದರು. ನಾನು ಮೊದಲ ಎರಡು ಸಾಲು ಓದಿ, ಮುಂದಿನದು ಕಾಣುವುದಿಲ್ಲ ಎಂದೆ. ಅವರು ಬಗೆಬಗೆಯ ಗಾಜು ಹಾಕಿದರು, ತೆಗೆದರು. ಒಮ್ಮೆ ಸುಮ್ಮನೆ ಪವರ್ ಇಲ್ಲದ ಬರಿಯ ಗಾಜು ಹಾಕಿ, ಈಗ ಹೇಗಿದೆ ಎಂದರು. ಏನು ಉತ್ತರ ಕೊಡಬೇಕೆಂದು ತಿಳಿಯದೆ, ಈಗ ಕಾಣುತ್ತದೆ ಎಂದು ಕೊನೆಯ ಸಾಲಿನವರೆಗೂ ಗಡಗಡ ಓದಿಬಿಟ್ಟೆ. ಅವರು ನಕ್ಕು ಅಪ್ಪನಿಗೆ ಹಿಂದಿಯಲ್ಲಿ ಹೇಳಿದರು, ಈ ಹುಡುಗಿಗೆ ಹದ್ದಿನ ಕಣ್ಣಿದೆ, ಕನ್ನಡಕ ಬೇಕಾಗಿರುವುದು ನಿಮಗೆ ಮಾತ್ರ.

ಅಪ್ಪ ಒಂದು ಜ್ಯೂಸಿನ ಅಂಗಡಿಯಲ್ಲಿ ಕೂರಿಸಿ ಮಾವಿನ ಜ್ಯೂಸ್ ತರಿಸಿಕೊಟ್ಟರು. ಅರ್ಧ ಕುಡಿಯುವವರೆಗೆ ಕಾದರು.

"ಕಾಣಲ್ಲ ಅಂತ ಯಾಕೆ ಹೇಳ್ದೆ ಪುಟ್ಟಿ?"

ನಾನು ಸ್ಟ್ರಾ ಕಚ್ಚುತ್ತಾ ಕುಳಿತೆ. ಅವರು ಮತ್ತೆ ಕೇಳಲಿಲ್ಲ. ಅದಕ್ಕೇ ಹೇಳಬೇಕಾಯಿತು.

"ಕಂಡಿದ್ದಕ್ಕೇ ತಾನೇ ನಾವು ಊರಿಗೆ ಹೋಗ್ತಿರೋದು?"

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ನೀರಿನ ಹನಿಯನ್ನು ಬೆರಳಿನಿಂದ ಅತ್ತಿತ್ತ ಎಳೆಯುತ್ತಾ, ದೊಡ್ಡವರೊಡನೆ ಮಾತಾಡುವ ದನಿಯಲ್ಲಿ ಹೇಳಿದರು.

"ನೀನು ಕಂಡಿದ್ದನ್ನ ಕಂಡೆ ಅಂದೆ. ನಾನು ಕಾಣದೇ ಇದ್ದಿದ್ದನ್ನ ಕಂಡೆ ಅಂದಿದ್ದೆ. ನಾವು ಊರಿಗೆ ಹೋಗ್ತಿರೋದು ನಾನು ಹೇಳಿದ್ದಕ್ಕೆ, ನೀನು ಹೇಳಿದ್ದಕ್ಕಲ್ಲ. ತಿಳೀತಾ? ನಾಳೆಯಿಂದ ಅಮ್ಮಂಗೆ ದಾರ ಪೋಣಿಸಿಕೊಡು. ನನ್ನ ಕನ್ನಡಕ ಬರೋಕೆ ಇನ್ನೂ ನಾಲ್ಕು ದಿನ ಇದೆ."

ನಾನು ಅಳುತ್ತಾ ನಕ್ಕೆ, ಜ್ಯೂಸ್ ಮೂಗಿಗೆ ಹತ್ತಿತು. ಅಪ್ಪ ಬೆನ್ನು ತಟ್ಟಿದರು.

ಹೊರಡುವ ಹಿಂದಿನ ಶುಕ್ರವಾರ ವರ್ಗೀಸ್ ಅಂಕಲ್ ನಮ್ಮ ಮನೆಗೆ ಬಂದರು. ಅವರನ್ನು ನಾನು ನೋಡಿದ್ದು ಅದೊಂದೇ ಸಲ. ದಪ್ಪ ಮೀಸೆಯ, ಅಪ್ಪನಿಗಿಂತ ವಯಸ್ಸಾದ ಮನುಷ್ಯ. ಎರಡು ಪೊಟ್ಟಣ ಬಾಳೆಕಾಯಿ ಚಿಪ್ಸ್ ತಂದಿದ್ದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು. ಅಪ್ಪನನ್ನು ನೋಡಿ, "ಎಂದಿನಾ ಸಾರೇ?" ಎಂದರು. ಯಾಕೆ ಸಾರ್ ಎಂದು ಅದರ ಅರ್ಥ. ಅಷ್ಟು ಹೇಳಿ ಚಿಪ್ಸಿನ ಪೊಟ್ಟಣವನ್ನು ನನ್ನ ಕೈಗಿಟ್ಟರು. ಅಮ್ಮ ಒಳಗಿನಿಂದ ಬಂದು, ಕನ್ನಡದಲ್ಲೇ, ಊಟ ಮಾಡದೆ ಹೋಗಬಾರದು ಎಂದಳು. ಅದು ಅವರಿಗೆ ಅರ್ಥವಾಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು, ಅರ್ಧ ಖಾಲಿಯಾದ ಆ ಮನೆಯಲ್ಲಿ, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ನಮ್ಮೊಡನೆ ಕುಳಿತು ಬಿಸಿಬೇಳೆಬಾತು ಉಂಡರು. ನಾವು ಏರ್‌ಪೋರ್ಟಿಗೆ ಹೊರಡುವ ದಿನ ಸಫಿಯಾ ಆಂಟಿ ಅಮ್ಮನನ್ನು ಅಪ್ಪಿಕೊಂಡು, "ಹೋಗಿ ಬನ್ನಿ ಶಾರದಕ್ಕ, ನಿಮ್ಮ ಕಿಟಕಿಗೆ ಧೂಳು ಕೂರ್ಲಿಕ್ಕೆ ನಾನು ಬಿಡುದಿಲ್ಲ" ಎಂದು ಅತ್ತರು. ಆಮೇಲೆ ಆ ಮನೆಗೆ ಯಾರು ಬಂದರೋ ನಮಗೆ ಗೊತ್ತಾಗಲಿಲ್ಲ.

ಅಪ್ಪ ಇನ್ನೂ ಎರಡು ವರ್ಷ ಕ್ಯಾಂಪಿನಲ್ಲಿದ್ದು ಬಂದರು. ಮೈಸೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಬಣ್ಣ, ಲೇಪನ, ತುಕ್ಕಿನ ಬಗ್ಗೆ ಪಾಠ ಮಾಡಿದರು. ಅಮ್ಮ ಅತ್ತೆಯ ನಡುಮನೆಯಲ್ಲಿ ಚಾಪೆ ಹಾಸಿದ್ದು ಒಂದೇ ತಿಂಗಳು. ಮೂರನೇ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹುಡುಕಿ, ಯಾರನ್ನೂ ಕೇಳದೆ ಸಾಮಾನು ಸಾಗಿಸಿದಳು. ದೋಹಾಕ್ಕೆ ಹೋಗುವ ಮುಂಚಿನ ಅಮ್ಮ ಹಾಗೆ ಮಾಡುತ್ತಿರಲಿಲ್ಲ ಎಂದು ಅಜ್ಜಿ ಬಹಳ ದಿನ ಗೊಣಗಿದರು. ನಾನು ಬೆಳೆದೆ. ನನ್ನ ಮನಸ್ಸಿನಲ್ಲಿ ಕತೆ ಒಂದು ರೂಪಕ್ಕೆ ಬಂದು ನಿಂತಿತ್ತು. ಅಪ್ಪ ಸತ್ಯ ಹೇಳಲು ಹೊರಟವರು, ಅಮ್ಮ ತಡೆದವಳು. ಅಪ್ಪನ ಮೇಲಿನ ಗೌರವದ ಜೊತೆಗೇ ಅಮ್ಮನ ಬಗ್ಗೆ ಒಂದು ಸಣ್ಣ ಅಸಮಾಧಾನವನ್ನೂ ಇಷ್ಟು ವರ್ಷ ಸಾಕಿಕೊಂಡಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅಮ್ಮನಿಗೆ ಗೊತ್ತಿರದೆ ಇರುತ್ತದೆಯೇ.

ಅಪ್ಪ ತೀರಿಕೊಂಡ ವರ್ಷ, ಚಳಿಗಾಲದ ಒಂದು ಬೆಳಿಗ್ಗೆ, ನಾನು ಅಮ್ಮನ ಜೊತೆ ಕುಳಿತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆ. ಅಪ್ಪನ ಮಾತು ಬಂತು. ಅಷ್ಟು ಧೈರ್ಯ ನನಗಿದ್ದಿದ್ದರೆ ಎಂದೇನೋ ಅಂದೆ. ಅಮ್ಮ ಬೇಳೆಯನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟು, ತೀರ ಸಾಮಾನ್ಯ ಸಂಗತಿಯೆಂಬಂತೆ ಹೇಳಿದಳು.

"ಆ ಶನಿವಾರ ಬೆಳಿಗ್ಗೆ ನಿಮ್ಮಪ್ಪ ಷೂ ಹಾಕ್ಕೊಂಡ್ರು. ಬಾಗಿಲ ತನಕ ಹೋದ್ರು. ಮತ್ತೆ ಬಂದು ಕೂತು ಷೂ ಬಿಚ್ಚಿದ್ರು. ಬೇಡ ಬಿಡು ಶಾರದಾ, ನೀನು ಹೇಳಿದ್ದೇ ಸರಿ, ಏನೂ ಹೇಳಲ್ಲ ನಾನು, ಈ ಪಟ್ಟಿಗಳನ್ನ ಎಸೆದುಬಿಡು ಅಂದ್ರು."

ನನ್ನ ಕೈ ನಿಂತಿತು.

"ಮತ್ತೆ?"

"ಮತ್ತಿನ್ನೇನು. ನಾನೇ ಪೇಪರಲ್ಲಿ ಸುತ್ತಿ ಅವರ ಚೀಲಕ್ಕೆ ಹಾಕ್ದೆ. ಬಸ್ಸು ಬರೋ ಹೊತ್ತಾಯ್ತು, ಏಳಿ ಅಂದೆ. ಕಾರ್ಡಿನ ವಿಷ್ಯಾನೂ ಹೇಳಿ, ಅರ್ಧಂಬರ್ಧ ಹೇಳ್ಬೇಡಿ ಅಂದೆ."

"ಅದರ ಹಿಂದಿನ ದಿನ ತಾನೇ ನೀನು ಅಷ್ಟು ಜಗಳ ಆಡಿದ್ದೆ?"

"ಆಡಿದ್ದೆ. ಮನೆ ಬಿಡೋಕೆ ಯಾರಿಗೆ ಇಷ್ಟ ಇರತ್ತೆ? ರಾತ್ರಿ ಪೂರ್ತಿ ಅದನ್ನೇ ಯೋಚ್ನೆ ಮಾಡ್ದೆ." ಅಮ್ಮ ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು. "ನಾವಿಬ್ರೇ ಆಗಿದ್ರೆ ಸುಮ್ಮನಿದ್ದುಬಿಡ್ತಿದ್ನೋ ಏನೋ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಗೆರೆ ನೋಡಿದ್ದು ನೀನು. ಹತ್ತು ವರ್ಷದ ಮಗು. ನಾವು ಅದನ್ನ ಮುಚ್ಚಿಟ್ಟಿದ್ರೆ, ಆಮೇಲೆ ನೀನು ನೋಡಿದ್ದನ್ನ ನೋಡ್ದೆ ಅಂತ ಯಾವತ್ತಾದ್ರೂ ಹೇಳ್ತಿದ್ಯಾ?"

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅವರು ಬದುಕಿರೋವಾಗ ಹೇಗೆ ಹೇಳ್ಲಿ?" ಎಂದಳು ಅಮ್ಮ. "ನೀನು ಅವರನ್ನ ನೋಡೋ ರೀತಿ ಕಂಡ್ರೆ ಅವರಿಗೆ ಎಷ್ಟು ಸಂತೋಷ ಆಗ್ತಿತ್ತು ಗೊತ್ತಾ."